ಗೋಕಾಕ ಸೀಮೆಯಲ್ಲಿ ಮನೆಯೂ ಬಯಲೂ

ಮನುಷ್ಯನಿಗೆ ಅನ್ನವಸ್ತ್ರಗಳು ಎಷ್ಟು ಆವಶ್ಯಕವೋ ಮನೆಯೂ ಅಷ್ಟೇ ಆವಶ್ಯಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಮನೆಯೆಂದರೆ ನಾಲ್ಕು ಗೋಡೆಗಳೂ ಮೇಲೊಂದು ಮಾಳಿಗೆಯೂ ಮಾತ್ರವಲ್ಲ. ಮನೆಯ ಮುಂದಿನ ಕಟ್ಟೆ, ಹಿಂದಿನ ಹಿತ್ತಲು, ಓಣಿಯ ಕೊನೆಯ ಬಯಲು, ಊರ ಹೊರಗಿನ ಹುಲ್ಲುಗಾವಲು, ಇವೆಲ್ಲವೂ ಕೂಡಿದಾಗಲೇ ಅದು ವಸತಿಯೆನಿಸಿಕೊಳ್ಳುತ್ತದೆ. ಊರು ಚಿಕ್ಕದಾಗಿದ್ದಾಗ ಈ ಮಾತನ್ನು ಯಾರೂ ಆಡಿ ತೋರಿಸುವ ಕಾರಣವಿರಲಿಲ್ಲ. ಊರು ಬೆಳೆದು ಬಯಲು ಕಿರಿದಾದ ಮೇಲೆ ಮಾತ್ರ, ಕಳೆದುಕೊಂಡ ವಸ್ತುವಿನ ಬೆಲೆ ಜನರ ಅರಿವಿಗೆ ಬರತೊಡಗುತ್ತದೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪಟ್ಟಣಗಳು ಇಂದು ಇಂತಹ ಸ್ಥಿತಿಯಲ್ಲಿವೆ. ಗೋಕಾಕ ನಗರದ ಜನಸಂಖ್ಯೆಯು ೨೦೦೧ರ ಗಣತಿಯಲ್ಲಿ ಸುಮಾರು ೬೭ ಸಾವಿರವಿದ್ದದ್ದು ೨೦೧೧ರಲ್ಲಿ ಸುಮಾರು ೭೯ ಸಾವಿರಕ್ಕೇರಿತು. ಗೋಕಾಕ ತಾಲೂಕಿನಲ್ಲಿಯೇ ಇದ್ದ ಮೂಡಲಗಿಯು ಈಚೆಗೆ ಪ್ರತ್ಯೇಕ ತಾಲೂಕಾಗಿ ಕಚೇರಿಗಳನ್ನೂ ನೌಕರವರ್ಗವನ್ನೂ ಪಡೆಯಿತು. ಹೀಗೆ ಜನ ಹೆಚ್ಚಿದಲ್ಲೆಲ್ಲ ಮನೆಗಳು ಬೇಕು. ಮನೆಗಳಿಗೆ ನೆಲ ಬೇಕು. ನೆಲವಾದರೋ ಊರಂಚಿನಲ್ಲಿ ಹಸಿರಾಗಿ ಉಳಿದದ್ದೇ ಎಲ್ಲರ ಕಣ್ಣಿಗೂ ಮೊದಲು ಬೀಳುವುದು. ಆ ಹಸಿರು ನೆಲದಲ್ಲಿ ಮಹಡಿಯ ಮೇಲೆ ಮಹಡಿಯನ್ನೇರಿಸಿ ಅನೇಕ ಕುಟುಂಬಗಳಿಗೆ ಒಂದೇ ಕಟ್ಟಡದಲ್ಲಿ ವಸತಿಯನ್ನು ಕಲ್ಪಿಸುವುದು ಯುಕ್ತವೇ, ಯುಕ್ತವಾದರೆ ಅದನ್ನು ಯಾವ ಕ್ರಮದಿಂದ ರಚಿಸಬೇಕು ಎಂಬ ಪ್ರಶ್ನೆಯು ಕೇವಲ ಎಂಜಿನಿಯರರ ಪ್ರಶ್ನೆಯಲ್ಲ. ಈ ಸೀಮೆಯ ಕಳೆದ ಒಂದೂವರೆ ಶತಮಾನದ ಇತಿಹಾಸದಲ್ಲಿ ಅದಕ್ಕೆ ಉತ್ತರದ ಸುಳಿವುಗಳು ಬೇಕಾದಷ್ಟಿವೆ.

ಮೊದಲು ನೆಲದ ಸ್ವರೂಪವನ್ನು ನೋಡತಕ್ಕದ್ದು. ಘಟಪ್ರಭೆಯು ಸಹ್ಯಾದ್ರಿಯಲ್ಲಿ ಹುಟ್ಟಿ ಹುಕ್ಕೇರಿ ತಾಲೂಕನ್ನು ಹಾಯ್ದು ಗೋಕಾಕದ ಧಬಧಬೆಯಲ್ಲಿ ಸುಮಾರು ೧೭೦ ಅಡಿಗಳ ಆಳಕ್ಕೆ ಧುಮುಕಿ ಮೂಡಲ ಬಯಲಿಗೆ ಇಳಿಯುತ್ತದೆ. ಸಂಕೇಶ್ವರದ ಮಗ್ಗುಲಿನಿಂದ ಬರುವ ಹಿರಣ್ಯಕೇಶಿಯು ಅದನ್ನು ಮೇಲ್ಗಡೆಯಲ್ಲಿಯೂ, ಬೆಳಗಾವಿಯ ಕಡೆಯಿಂದ ಬರುವ ಮಾರ್ಕಂಡೇಯವು ಗೋಕಾಕದ ಬಳಿಯಲ್ಲಿಯೂ ಕೂಡಿಕೊಳ್ಳುತ್ತವೆ. ಗೋಕಾಕ ಪಟ್ಟಣವು ಒಂದು ಬದಿಗೆ ಮರಳುಗಲ್ಲಿನ ಗುಡ್ಡವನ್ನೂ ಮತ್ತೊಂದು ಬದಿಗೆ ನದಿಯನ್ನೂ ಇಟ್ಟುಕೊಂಡು ನಡುವಿನ ಪಟ್ಟಿಯಲ್ಲಿ ಬೆಳೆದ ಊರು. ಗುಡ್ಡದ ಕಡೆಗೆ ಕಲ್ಲು, ಮುರ್ರಂ. ನದಿಯ ಬಯಲಿನಲ್ಲಿ ಎರೆಭೂಮಿ. ಎರೆಯು ಬೆಳೆಗೆ ಎಷ್ಟು ಉತ್ತಮವೋ ಕಟ್ಟಡಕ್ಕೆ ಅಷ್ಟೇ ಅನಾನುಕೂಲ: ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ತಳಪಾಯವನ್ನು ಅಲುಗಿಸುತ್ತದೆ. ಆದುದರಿಂದಲೇ ಹಿಂದಿನವರು ಸಾಧ್ಯವಾದಷ್ಟು ಗಟ್ಟಿ ನೆಲದಲ್ಲಿ ಮನೆಗಳನ್ನು ಒತ್ತಾಗಿ ಕಟ್ಟಿ, ಎರೆಯನ್ನು ಒಕ್ಕಲುತನಕ್ಕೂ ಹೊಳೆಯ ಅಂಚನ್ನು ಹೊಳೆಗೂ ಬಿಟ್ಟುಕೊಟ್ಟರು.

ಅಂದಿನ ಮನೆಗಳ ರಚನೆಯೂ ಇದಕ್ಕೆ ಹೊಂದಿಕೊಂಡಿತ್ತು. ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ಮಾಳಿಗೆಯಲ್ಲಿ ಬೆಳಕಿಂಡಿ, ಒಳಹೊಕ್ಕೊಡನೆ ದನಗಳ ಸ್ಥಳ, ಅದಕ್ಕಿಂತ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ, ಅದರಾಚೆಗೆ ಅಡಿಗೆಮನೆ. ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಹಪ್ಪಳ, ಶ್ಯಾವಿಗೆ, ಮೆಣಸಿನಕಾಯಿಗಳನ್ನು ಮಾಳಿಗೆಯ ಮೇಲೆ ಒಣಹಾಕುತ್ತಿದ್ದರು. ಬೇಸಿಗೆಯ ರಾತ್ರಿಗಳಲ್ಲಿ ಅಲ್ಲಿಯೇ ಮಲಗುತ್ತಿದ್ದರು. ಮನೆಯೊಳಗೆ ಇಕ್ಕಟ್ಟಿದ್ದರೂ ಹೊರಗಿನ ಕಟ್ಟೆಯೂ ಬಯಲೂ ಆ ಕೊರತೆಯನ್ನು ತುಂಬಿಕೊಡುತ್ತಿದ್ದವು. ಸುಗ್ಗಿಯಲ್ಲಿ ಕಣ, ಜಾತ್ರೆಯಲ್ಲಿ ತೇರಿನ ಬೀದಿ, ವಾರದ ದಿನ ಸಂತೆ, ಉಳಿದ ದಿನಗಳಲ್ಲಿ ಹುಡುಗರ ಆಟದ ಮೈದಾನ: ಒಂದೇ ನೆಲವು ಹಲವು ಕೆಲಸಗಳನ್ನು ನಿರ್ವಹಿಸುತ್ತಿತ್ತು. ಮೂಡಲಗಿಯ ದನಗಳ ಸಂತೆಯು ಈ ಸೀಮೆಯಲ್ಲಿ ಹೆಸರಾದುದು. ದನಗಳೂ ಕೊಳ್ಳುವವರೂ ಮಾರುವವರೂ ಕೂಡಿ ನಿಲ್ಲುವುದಕ್ಕೆ ವಿಶಾಲವಾದ ಬಯಲಿಲ್ಲದೆ ಇಂತಹ ಸಂತೆಯು ಬೆಳೆಯುವ ಸಂಭವವೇ ಇರಲಿಲ್ಲ.

ಈ ರೂಢಿಗೆ ಕಾಗದಪತ್ರದ ಆಧಾರವು ದೊರೆತದ್ದು ಇಂಗ್ಲಿಷರ ಕಾಲದಲ್ಲಿ. ಬೆಳಗಾವಿ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಗೋಲ್ಡ್‌ಸ್ಮಿಡ್, ವಿಂಗೇಟ್ ಮೊದಲಾದ ಅಧಿಕಾರಿಗಳು ೧೮೪೭ರ ಸಂಯುಕ್ತ ವರದಿಯಲ್ಲಿ ನೆಲೆಗೊಳಿಸಿದ ಮೋಜಣಿ ಪದ್ಧತಿಯಂತೆ ಹೊಲಗಳಿಗೆಲ್ಲ ಸಂಖ್ಯೆಗಳು ಬಿದ್ದವು. ಮನೆಗಳಿರುವ ನೆಲವು ಗಾಂವಠಾಣವೆನಿಸಿತು. ಊರ ದನಗಳು ಮೇಯುವ ನೆಲವು ಗಾಯರಾಣವೆನಿಸಿತು. ೧೮೭೯ರ ಮುಂಬಯಿ ಭೂಕಂದಾಯ ಕಾಯಿದೆಯ ೩೮ನೆಯ ಕಲಮು ಸರಕಾರಿ ನೆಲವನ್ನು ಊರ ದನಗಳ ಪುಕ್ಕಟೆ ಮೇವಿಗಾಗಲಿ ಇತರ ಸಾರ್ವಜನಿಕ ಕಾರ್ಯಕ್ಕಾಗಲಿ ತೆಗೆದಿರಿಸುವ ಅಧಿಕಾರವನ್ನು ಕೊಟ್ಟು, ಹಾಗೆ ತೆಗೆದಿರಿಸಿದ್ದನ್ನು ಕಲೆಕ್ಟರರ ಅಪ್ಪಣೆಯಿಲ್ಲದೆ ಬೇರೆ ಕಾರ್ಯಕ್ಕೆ ಬಳಸಕೂಡದೆಂದು ವಿಧಿಸಿತು. ಅದೇ ಕಾಯಿದೆಯ ೬೫ನೆಯ ಕಲಮಿನ ಮೇರೆಗೆ ರೈತನು ತನ್ನ ಸ್ವಂತ ಹೊಲವನ್ನಾದರೂ ಒಕ್ಕಲುತನದ ಹೊರತು ಅನ್ಯ ಕಾರ್ಯಕ್ಕೆ ಉಪಯೋಗಿಸಬೇಕಾದರೆ ಅನುಮತಿಯನ್ನು ಪಡೆಯಬೇಕಾಯಿತು. ಇಂದು ಊರೂರಿನಲ್ಲಿ ಕೇಳಿಬರುವ ‘ಎನ್.ಎ. ಪ್ಲಾಟು’ ಎಂಬ ಮಾತಿನ ಮೂಲವು ಈ ಕಲಮಿನಲ್ಲಿದೆ. ಅಂತೂ ಬಯಲು ಯಾರದೂ ಅಲ್ಲದ ಬರಿಯ ನೆಲವಾಗಿರಲಿಲ್ಲ. ಅದಕ್ಕೊಂದು ಉದ್ದೇಶವೂ ಆ ಉದ್ದೇಶಕ್ಕೊಂದು ದಾಖಲೆಯೂ ಇದ್ದವು.

ಬಯಲು ಪ್ರಾಣರಕ್ಷಕವೂ ಹೌದೆಂಬುದು ಪ್ಲೇಗಿನ ಕಾಲದಲ್ಲಿ ಅನುಭವಕ್ಕೆ ಬಂದಿತು. ೧೮೯೬ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಪ್ಲೇಗು ಮುಂದಿನ ಎರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡದ ಸೀಮೆಗೂ ಹಬ್ಬಿತು. ಇಲಿಗಳು ಸತ್ತು ಬೀಳತೊಡಗಿದೊಡನೆ ಜನರು ಮನೆಗಳಿಗೆ ಬೀಗ ಹಾಕಿ ಊರ ಹೊರಗಿನ ಹೊಲಗಳಲ್ಲಿ ಗುಡಿಸಲುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ವಾಸಿಸಿದರು. ಇದೇ ಪ್ಲೇಗಿನ ಪರಿಣಾಮವಾಗಿ ಮೈಸೂರು ಸಂಸ್ಥಾನವು ೧೮೯೮ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಮಲ್ಲೇಶ್ವರ, ಬಸವನಗುಡಿ ಎಂಬ ಬಡಾವಣೆಗಳನ್ನು ಅಗಲವಾದ ಬೀದಿಗಳೊಡನೆ ನಿರ್ಮಿಸಲು ಕೈಕೊಂಡಿತು. ಅದೇ ವರ್ಷ ಮುಂಬಯಿಯಲ್ಲಿ ನಗರಸುಧಾರಣಾ ಮಂಡಳವು ಸ್ಥಾಪಿತವಾಯಿತು. ಗಾಳಿಬೆಳಕುಗಳಿಲ್ಲದ ದಟ್ಟ ವಸತಿಯು ರೋಗದ ತವರೆಂಬ ಪಾಠವನ್ನು ದೇಶವು ಬಹಳ ಬೆಲೆಯನ್ನು ತೆತ್ತು ಕಲಿಯಿತು.

ಇನ್ನು ಈ ಸೀಮೆಯಲ್ಲಿಯೇ ಯೋಜನೆಯ ಪ್ರಕಾರ ಹುಟ್ಟಿದ ವಸತಿಯ ವಿಷಯಕ್ಕೆ ಬರಬಹುದು. ೧೮೭೬-೭೮ರ ಮಹಾಕ್ಷಾಮದ ತರುವಾಯದ ದಶಕಗಳಲ್ಲಿ ಧಬಧಬೆಯ ಮೇಲ್ಗಡೆಯ ಧೂಪದಾಳದಲ್ಲಿ ಘಟಪ್ರಭೆಗೆ ಬಂಧಾರವನ್ನು ಕಟ್ಟಿ ನೀರಾವರಿಯ ಕಾಲುವೆಯನ್ನು ತೆಗೆಯಲಾಯಿತು. ೧೮೮೫ರಲ್ಲಿ ಗೋಕಾಕ ಜಲಶಕ್ತಿ ಮತ್ತು ಉತ್ಪಾದನಾ ಕಂಪನಿಯು ಸ್ಥಾಪಿತವಾಗಿ, ೧೮೮೭ರಲ್ಲಿ ಧಬಧಬೆಯ ದಂಡೆಯ ಮೇಲೆ ನೂಲಿನ ಗಿರಣಿಯು ನೀರಿನ ಬಲದಿಂದ ನಡೆಯತೊಡಗಿತು. ಸಾಮಾನ್ಯವಾಗಿ ಗಿರಣಿಯು ಜನರಿದ್ದಲ್ಲಿಗೆ ಬರುತ್ತದೆ. ಇಲ್ಲಿಯಾದರೋ ನೀರು ಬೀಳುವ ಬಂಡೆಗಳ ನಡುವೆ ಗಿರಣಿಯು ಮೊದಲು ನಿಂತು, ಜನರು ಅದರ ಬಳಿಗೆ ಬರಬೇಕಾಯಿತು. ಹೀಗೆ ಬಂದವರಿಗಾಗಿ ಕೆಲಸಗಾರರ ಮನೆಗಳ ಸಾಲುಗಳೂ, ಅಧಿಕಾರಿಗಳ ಬಂಗಲೆಗಳೂ, ಶಾಲೆ ದವಾಖಾನೆಗಳೂ ಎದ್ದು ‘ಗೋಕಾಕ ಫಾಲ್ಸ್’ ಎಂಬ ಪ್ರತ್ಯೇಕ ಊರೇ ಉಂಟಾಯಿತು. ಹೊಳೆಯ ಎರಡು ದಂಡೆಗಳನ್ನು ಜೋಡಿಸುವ, ಸುಮಾರು ೬೫೯ ಅಡಿ ಉದ್ದದ ತೂಗುಸೇತುವೆಯನ್ನು ನೋಡಲು ಇಂದಿಗೂ ಪ್ರವಾಸಿಗಳು ಬರುತ್ತಾರೆ.

ಈ ವಸತಿಯಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಮೊದಲನೆಯದು, ಅದು ಉಳುವ ನೆಲವನ್ನು ನುಂಗಿ ಹುಟ್ಟಿದ ಊರಲ್ಲ, ಕಲ್ಲುನೆಲದ ಮೇಲೆ ನಿಂತ ಊರು. ಎರಡನೆಯದು, ಮನೆ, ದಾರಿ, ನೀರು, ಬಯಲು ಎಲ್ಲವುಗಳ ಒಡೆತನವೂ ಒಂದೇ ಕಂಪನಿಯ ಕೈಯಲ್ಲಿದ್ದುದರಿಂದ ಬಯಲು ತುಂಡುತುಂಡಾಗಿ ಮಾರಾಟವಾಗಲಿಲ್ಲ. ಆದರೆ ಇದೇ ಗುಣದಲ್ಲಿ ಒಂದು ದೋಷವೂ ಅಡಗಿದೆ. ಕಂಪನಿಯ ಮನೆಯಲ್ಲಿ ಇರುವವನು ಕೆಲಸವಿರುವ ತನಕ ಮಾತ್ರ ಆ ಮನೆಯವನು; ಬಯಲಿನ ಮೇಲೆ ಅವನ ಮಾತು ನಡೆಯದು. ಮಾಲಕನು ಬದಲಾದರೆ ವಸತಿಯ ಭವಿತವ್ಯವೂ ಬದಲಾಗುತ್ತದೆ. ಬಯಲು ಉಳಿಯಬೇಕಾದರೆ ಒಳ್ಳೆಯ ಮಾಲಕನಿದ್ದರೆ ಸಾಲದು. ಅಲ್ಲಿ ವಾಸಿಸುವವರೇ ಅದರ ಹಕ್ಕುದಾರರಾಗಬೇಕು.

ಈ ಮಾತಿಗೆ ಆಗಿನ ರಾಜಧಾನಿಯಾದ ಮುಂಬಯಿಯಲ್ಲಿಯೇ ಎರಡು ಉದಾಹರಣೆಗಳು ದೊರೆಯುತ್ತವೆ. ೧೯೨೦ರಲ್ಲಿ ಸ್ಥಾಪಿತವಾದ ಮುಂಬಯಿಯ ಅಭಿವೃದ್ಧಿ ಖಾತೆಯು ವರಳಿ, ನಾಯಗಾಂವ, ಶಿವಡಿ, ಡಿಲಾಯಲ್ ರಸ್ತೆಗಳಲ್ಲಿ ಗಿರಣಿಯ ಕೆಲಸಗಾರರಿಗಾಗಿ ೨೦೭ ಕಾಂಕ್ರೀಟಿನ ಚಾಳುಗಳನ್ನು ಕಟ್ಟಿಸಿತು. ನೆಲಮಟ್ಟದ ಮೇಲೆ ಮೂರು ಮಹಡಿಗಳು, ಒಂದು ಕುಟುಂಬಕ್ಕೆ ಒಂದು ಕೋಣೆ, ಪ್ರತಿ ಮಹಡಿಗೆ ಎಲ್ಲರಿಗೂ ಕೂಡಿದ ನೀರು ಶೌಚಗಳ ವ್ಯವಸ್ಥೆ. ಮನೆಗಳ ಅಭಾವದಿಂದ ಕಂಗೆಟ್ಟಿದ್ದ ನಗರದಲ್ಲಿ ಈ ಕೋಣೆಗಳಿಗೆ ಜನರು ಮುಗಿಬೀಳುವರೆಂದು ಸರಕಾರವು ಎಣಿಸಿತ್ತು. ಆದರೆ ಬಾಡಿಗೆಯು ಹೆಚ್ಚಾದುದರಿಂದಲೂ ಅನುಕೂಲಗಳು ಕಡಿಮೆಯಾದುದರಿಂದಲೂ ಅನೇಕ ಕೋಣೆಗಳು ಬಹುಕಾಲ ಖಾಲಿಯಾಗಿಯೇ ಉಳಿದವು. ವಾಸಿಸತಕ್ಕವರನ್ನು ಕೇಳದೆ ರಚಿಸಿದ ವಸತಿಗೆ ಒದಗುವ ಗತಿಯು ಇದು.

ಇದಕ್ಕೆ ಕೆಲವೇ ವರ್ಷಗಳ ಮುಂಚೆ, ೧೯೧೫ರಲ್ಲಿ, ಅದೇ ನಗರದ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘವು ಸ್ಥಾಪಿತವಾಗಿತ್ತು. ಉದ್ಯೋಗಕ್ಕಾಗಿ ಕನ್ನಡ ಕರಾವಳಿಯಿಂದ ಮುಂಬಯಿಗೆ ಹೋಗಿ ಬಾಡಿಗೆಯ ಮನೆಗಳಲ್ಲಿ ಕಷ್ಟಪಡುತ್ತಿದ್ದ ಸಾರಸ್ವತ ಕುಟುಂಬಗಳನ್ನು ಕೂಡಿಸಿ, ಸಹಕಾರಿ ಚಳವಳಿಯ ಮುಂದಾಳುಗಳಲ್ಲೊಬ್ಬರಾದ ಶ್ರೀಪಾದ ಸುಬ್ಬರಾವ್ ತಲಮಕಿಯವರು ಈ ಸಂಘವನ್ನು ಕಟ್ಟಿದರು. ಅಲ್ಲಿಯೂ ಮನೆಗಳು ಮಹಡಿಯ ಮೇಲೆ ಮಹಡಿಯಾಗಿಯೇ ಇದ್ದವು. ಆದರೆ ಕಟ್ಟಡವೂ ಅಂಗಳವೂ ಸಂಘದ ಸ್ವತ್ತು. ವಾಸಿಸುವವರೇ ಸಂಘದ ಸದಸ್ಯರು. ಈ ಸಂಘವು ನೂರು ವರ್ಷಗಳನ್ನು ದಾಟಿ ಬಾಳಿತು. ಒಂದೇ ನಗರದಲ್ಲಿ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಕಟ್ಟಿದ ಎರಡು ಬಗೆಯ ಮಹಡಿವಸತಿಗಳಲ್ಲಿ ಒಂದರಲ್ಲಿ ಕೋಣೆಗಳು ಬರಿದಾಗಿ ಉಳಿದವು, ಇನ್ನೊಂದು ವಸತಿಯು ನೆಲೆನಿಂತಿತು. ಮಹಡಿಗಳ ಸಂಖ್ಯೆಯು ಇದಕ್ಕೆ ಕಾರಣವಲ್ಲ. ಯಾರಿಗಾಗಿ, ಯಾರ ಮಾತಿನಂತೆ ಕಟ್ಟಿದ್ದೆಂಬುದೇ ಕಾರಣ.

ಸಹಕಾರದ ಬೀಜವು ಗೋಕಾಕ, ಹುಕ್ಕೇರಿಯ ನೆಲಕ್ಕೂ ಅಪರಿಚಿತವಲ್ಲ. ೧೯೦೫ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಮೊಳೆತ ಕೃಷಿ ಸಹಕಾರದ ಸಸಿಯು ಮುಂಬಯಿ ಕರ್ನಾಟಕದಲ್ಲೆಲ್ಲ ಹಬ್ಬಿತು. ೧೯೬೯ರಲ್ಲಿ ಹುಕ್ಕೇರಿಯಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ದೇಶದಲ್ಲಿ ಮೊಟ್ಟಮೊದಲು ಹುಟ್ಟಿದ ಅಂತಹ ಕೆಲವೇ ಸಂಘಗಳಲ್ಲಿ ಒಂದು. ಮನೆಮನೆಗೆ ವಿದ್ಯುತ್ತನ್ನು ಹಂಚುವ ತೊಡಕಿನ ಕೆಲಸವನ್ನು ಸದಸ್ಯರ ಸಂಘದ ಮೂಲಕ ನಡೆಯಿಸಿದ ತಾಲೂಕಿನಲ್ಲಿ, ನಾಲ್ಕು ಕಟ್ಟಡಗಳನ್ನೂ ಅವುಗಳ ನಡುವಿನ ತೋಟವನ್ನೂ ಸಂಘದಿಂದ ಕಾಯ್ದುಕೊಳ್ಳುವುದು ಅಸಾಧ್ಯವೆಂದು ಯಾರೂ ಹೇಳಲಾರರು.

ಹುಕ್ಕೇರಿ ತಾಲೂಕಿನ ಇತಿಹಾಸದಲ್ಲಿ ವಸತಿಯ ಇನ್ನೊಂದು ಅಧ್ಯಾಯವೂ ಇದೆ. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಜಲಾಶಯವು ೧೯೭೭ರಲ್ಲಿ ಪೂರ್ಣವಾಯಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಹೊತ್ತ ಈ ಅಣೆಕಟ್ಟು ೫೧ ಟಿ.ಎಂ.ಸಿ. ನೀರನ್ನು ಹಿಡಿಯತಕ್ಕದ್ದು. ಅದರಿಂದ ಸಾವಿರಾರು ಎಕರೆ ನೆಲವು ಹಸಿರಾಯಿತು, ಕಬ್ಬು ಬೆಳೆಯಿತು, ಸಕ್ಕರೆಯ ಕಾರಖಾನೆಗಳು ಎದ್ದವು. ಆದರೆ ಆ ಹಸಿರಿಗಾಗಿ ಹುನ್ನೂರಿನಂತಹ ಊರುಗಳು ನೀರಿನೊಳಗೆ ಇಳಿದವು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಹುನ್ನೂರಿನ ವಿಠ್ಠಲನ ಗುಡಿಯು ಮೇಲಕ್ಕೆ ಕಾಣಿಸಿಕೊಳ್ಳುತ್ತದೆ. ಜನರು ಹೋಗಿ ದರ್ಶನ ಮಾಡಿ ಬರುತ್ತಾರೆ. ಊರು ಬಿಟ್ಟವರಿಗೆ ಬೇರೆಡೆಯಲ್ಲಿ ನೆಲ ದೊರೆತರೂ ಕಟ್ಟೆ, ಆಲದ ಮರ, ಗುಡಿಯ ಮುಂದಿನ ಬಯಲು ಇವುಗಳನ್ನು ಯಾವ ಕಚೇರಿಯೂ ಅಳೆದು ಕೊಡಲಾರದು. ಹೊಸ ವಸತಿಯನ್ನು ರಚಿಸುವವರು ಮನೆಗಳ ಲೆಕ್ಕದಲ್ಲಿ ಬಾರದ ಈ ವಸ್ತುಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು ಆ ಗುಡಿಯು ಕಲಿಸುವ ಪಾಠ.

ಮನುಷ್ಯನು ನಿರ್ಮಿಸಿದ ಬಯಲೂ ಕಾಲಾಂತರದಲ್ಲಿ ಅಮೂಲ್ಯವಾಗಬಲ್ಲದೆಂಬುದಕ್ಕೆ ಧೂಪದಾಳವೇ ಸಾಕ್ಷಿ. ಕಾಲುವೆಗೂ ಗಿರಣಿಗೂ ನೀರು ಬೇಕೆಂದು ಕಟ್ಟಿದ ಬಂಧಾರದ ಹಿನ್ನೀರು ಹಕ್ಕಿಗಳ ತಾಣವಾಯಿತು. ಸುಮಾರು ೩೦ ಚದರ ಕಿಲೋಮೀಟರುಗಳ ಆ ಪ್ರದೇಶವು ಈಗ ಘಟಪ್ರಭಾ ಪಕ್ಷಿಧಾಮವೆನಿಸಿ, ಚಳಿಗಾಲದಲ್ಲಿ ದೂರದೇಶಗಳ ಕೊಕ್ಕರೆಗಳಿಗೂ ಕ್ರೌಂಚಗಳಿಗೂ ಆಶ್ರಯ ಕೊಡುತ್ತದೆ. ಇದೇ ಘಟಪ್ರಭಾ ಊರಿನಲ್ಲಿ ಸ್ವಾತಂತ್ರ್ಯಪೂರ್ವದಲ್ಲಿಯೇ ಬೆಳೆದ ಕರ್ನಾಟಕ ಆರೋಗ್ಯಧಾಮವು, ಔಷಧದಷ್ಟೇ ಶುದ್ಧವಾದ ಗಾಳಿಯೂ ಮರಗಿಡಗಳ ಸಾನ್ನಿಧ್ಯವೂ ರೋಗಿಗೆ ಬೇಕೆಂಬ ನಂಬಿಕೆಯ ಮೇಲೆ ನಿಂತ ಸಂಸ್ಥೆ. ಹಿಂದುಸ್ತಾನಿ ಸೇವಾದಳವನ್ನು ೧೯೨೩ರಲ್ಲಿ ಕಟ್ಟಿದ ಡಾಕ್ಟರ್ ನಾ. ಸು. ಹರ್ಡೀಕರರ ಹೆಸರೂ ಈ ಊರಿನೊಡನೆ ಬೆಸೆದುಕೊಂಡಿದೆ.

ಏಕೀಕರಣದ ನಂತರ ಕಾಯಿದೆಗಳು ಹೊಸ ರೂಪವನ್ನು ತಾಳಿದವು. ೧೯೬೧ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಬೆಳೆಯುವ ಊರುಗಳಿಗೆ ನಕಾಶೆಯಿರಬೇಕೆಂದು ಹೇಳಿತು. ೧೯೬೪ರ ಭೂಕಂದಾಯ ಕಾಯಿದೆಯು ಹಳೆಯ ಮುಂಬಯಿ ಕಾಯಿದೆಯ ಸ್ಥಾನದಲ್ಲಿ ನಿಂತು, ಅದರ ೧೯೬೬ರ ನಿಯಮಗಳು ಪ್ರತಿ ನೂರು ದನಗಳಿಗೆ ೧೨ ಹೆಕ್ಟೇರಿನಂತೆ ಗೋಮಾಳವನ್ನು ತೆಗೆದಿರಿಸಬೇಕೆಂದು ವಿಧಿಸಿದವು. ಆದರೆ ಗಾಯರಾಣವು ಎಲ್ಲರದೂ ಆಗಿದ್ದರಿಂದಲೇ ಅದನ್ನು ಕಾಯುವವರು ಯಾರೂ ಇಲ್ಲದಂತಾಯಿತು. ಶಾಲೆಗೆಂದು ಒಂದಷ್ಟು, ಕಚೇರಿಗೆಂದು ಒಂದಷ್ಟು, ನಿವೇಶನಗಳಿಗೆಂದು ಒಂದಷ್ಟು, ಒತ್ತುವರಿಯಾಗಿ ಮತ್ತಷ್ಟು ನೆಲವು ಕೈಬಿಟ್ಟು ಹೋಗುವುದು ನಾಡಿನಲ್ಲೆಲ್ಲ ಸಾಮಾನ್ಯವಾಯಿತು. ಇವುಗಳಲ್ಲಿ ಮೊದಲಿನ ಮೂರೂ ಒಳ್ಳೆಯ ಕಾರ್ಯಗಳೇ. ಆದರೆ ಪ್ರತಿಯೊಂದು ಒಳ್ಳೆಯ ಕಾರ್ಯಕ್ಕೂ ಬಯಲನ್ನೇ ಕೊಟ್ಟರೆ, ಬಯಲೂ ಒಂದು ಒಳ್ಳೆಯ ಕಾರ್ಯವೆಂಬ ವಿಚಾರವು ಮರೆತುಹೋಗುತ್ತದೆ.

ಈ ವಿಚಾರವನ್ನು ದೇಶದ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದ್ದು ಕರ್ನಾಟಕದ ಒಂದು ಮೊಕದ್ದಮೆಯಲ್ಲಿಯೇ. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ನಕಾಶೆಯಲ್ಲಿ ತೋರಿಸಿದ್ದ ನೆಲವನ್ನು ಒಂದು ಖಾಸಗಿ ಶುಶ್ರೂಷಾಲಯಕ್ಕೆ ಮಂಜೂರು ಮಾಡಲಾಗಿತ್ತು. ನೆರೆಹೊರೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಮಂಜೂರಾತಿಯು ನಿಲ್ಲದೆಂದು ತೀರ್ಪು ಕೊಟ್ಟಿತು. ಆಸ್ಪತ್ರೆಯೂ ಲೋಕಹಿತದ್ದೇ; ಆದರೂ ಜನರ ಆರೋಗ್ಯಕ್ಕಾಗಿ ಮೀಸಲಿಟ್ಟ ಹಸಿರು ನೆಲವನ್ನು ಅಧಿಕಾರಿಗಳು ತಮ್ಮ ಇಚ್ಛೆಯಂತೆ ಬೇರೆ ಕಾರ್ಯಕ್ಕೆ ತಿರುಗಿಸಲಾರರೆಂಬುದು ಆ ತೀರ್ಪಿನ ಸಾರ. ಅದಕ್ಕೆ ಮುಂಚೆ ೧೯೮೫ರಲ್ಲಿಯೇ ರಾಜ್ಯವು ಉದ್ಯಾನ, ಆಟದ ಮೈದಾನ, ತೆರೆದ ಬಯಲುಗಳ ಸಂರಕ್ಷಣೆಗಾಗಿ ಒಂದು ಪ್ರತ್ಯೇಕ ಕಾಯಿದೆಯನ್ನು ಮಾಡಿತ್ತು. ೨೦೧೧ರಲ್ಲಿ ಪಂಜಾಬದ ಒಂದು ಹಳ್ಳಿಯ ಕೆರೆಯ ಪ್ರಕರಣದಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಗ್ರಾಮದ ಸಾಮುದಾಯಿಕ ನೆಲಗಳ ಒತ್ತುವರಿಯನ್ನು ತೆರವುಗೊಳಿಸಲು ಎಲ್ಲ ರಾಜ್ಯಗಳೂ ಕ್ರಮ ಕೈಕೊಳ್ಳಬೇಕೆಂದು ಆಜ್ಞಾಪಿಸಿತು.

ಕಾಯಿದೆಯ ಮಾತನ್ನು ಮರೆತರೂ ಪ್ರಕೃತಿಯು ತನ್ನ ಲೆಕ್ಕವನ್ನು ಮರೆಯುವುದಿಲ್ಲ. ೨೦೧೯ರ ಆಗಸ್ಟ್ ತಿಂಗಳಲ್ಲಿ ಸಹ್ಯಾದ್ರಿಯಲ್ಲಿ ಎಡೆಬಿಡದೆ ಸುರಿದ ಮಳೆಯಿಂದ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯಗಳು ಒಮ್ಮೆಲೆ ಉಕ್ಕಿದವು. ಲೋಳಸೂರಿನ ಸೇತುವೆಯು ಮುಳುಗಿತು. ಗೋಕಾಕ ನಗರದೊಳಕ್ಕೆ ನೀರು ನುಗ್ಗಿ ಅನೇಕ ಓಣಿಗಳ ಮನೆಗಳು ನೆನೆದು ಕುಸಿದವು. ಕುಟುಂಬಗಳು ಗಂಜಿಕೇಂದ್ರಗಳಲ್ಲಿ ಆಶ್ರಯ ಪಡೆದವು. ಅದೇ ವರ್ಷದ ಅಕ್ಟೋಬರಿನಲ್ಲಿ ಪಟ್ಟಣದ ಬೆನ್ನಿಗಿರುವ ಗುಡ್ಡದ ಮೇಲಿನ ದೊಡ್ಡ ಬಂಡೆಗಳು ಮಳೆಯಿಂದ ಸಡಿಲಗೊಂಡು ಕೆಳಗಿನ ಮನೆಗಳವರನ್ನು ಭಯಪಡಿಸಿದವು. ೨೦೨೧ರ ಜುಲೈಯಲ್ಲಿ ಪ್ರವಾಹವು ಮತ್ತೆ ಬಂದಿತು. ಹೀಗೆ ಒಂದು ಕಡೆಯಿಂದ ಹೊಳೆ, ಇನ್ನೊಂದು ಕಡೆಯಿಂದ ಗುಡ್ಡ, ಎರಡೂ ಊರಿಗೆ ಎಚ್ಚರಿಕೆಯನ್ನು ಕೊಟ್ಟವು. ಹೊಳೆಯಂಚಿನ ಬಯಲು ವರ್ಷದಲ್ಲಿ ಮುನ್ನೂರು ದಿನ ಬರಿದಾಗಿ ಕಾಣಬಹುದು. ಉಳಿದ ದಿನಗಳಲ್ಲಿ ಅದು ಹೊಳೆಯ ಹಾಸಿಗೆ.

ಇಲ್ಲಿಯೇ ನಿಜವಾದ ಸಂಕಟವು ಎದುರಾಗುತ್ತದೆ. ಮನೆಯನ್ನು ಕಳೆದುಕೊಂಡವನಿಗೆ ಬಯಲಿನ ಮಹಿಮೆಯನ್ನು ಉಪದೇಶಿಸುವುದು ನ್ಯಾಯವಲ್ಲ. ಹೊಳೆಯಂಚಿನಿಂದ ಎಬ್ಬಿಸಿದವರು ಎಲ್ಲಿಯಾದರೂ ನೆಲೆಸಬೇಕಷ್ಟೆ. ಎತ್ತರದಲ್ಲಿ ಉಳಿದಿರುವ ನೆಲವು ಹೆಚ್ಚಾಗಿ ಗಾಯರಾಣವೇ. ದನ ಮೇಯಿಸುವವನಿಗೆ ಅದು ಅನ್ನ. ಮನೆಯಿಲ್ಲದವನಿಗೆ ಅದು ಆಸೆ. ಇಬ್ಬರೂ ಬಡವರೇ. ಆದುದರಿಂದ ಕಟ್ಟಲೇಬಾರದೆಂಬ ಹಟವೂ, ಖಾಲಿ ನೆಲವೆಲ್ಲ ಕಟ್ಟುವುದಕ್ಕೇ ಇರುವುದೆಂಬ ಆತುರವೂ ಸಮನಾಗಿ ತಪ್ಪು. ಎಷ್ಟು ಕಡಿಮೆ ನೆಲದಲ್ಲಿ ಎಷ್ಟು ಜನರಿಗೆ ಮಾನವಾದ ಮನೆಯನ್ನು ಕೊಟ್ಟು, ಉಳಿದುದನ್ನು ಯಾವ ಬಂದೋಬಸ್ತಿನಿಂದ ಬಯಲಾಗಿಯೇ ಕಾಪಾಡಬಹುದೆಂಬುದೇ ವಿಚಾರಣೀಯ.

ಒಂದು ಸಣ್ಣ ಲೆಕ್ಕವು ಇದನ್ನು ವಿಶದಪಡಿಸುತ್ತದೆ. ನೂರು ಕುಟುಂಬಗಳಿಗೆ ೩೦ ಅಡಿಗೆ ೪೦ ಅಡಿಯ ನಿವೇಶನಗಳನ್ನು ಹಂಚಿದರೆ, ರಸ್ತೆ ಚರಂಡಿಗಳನ್ನು ಬಿಟ್ಟು ನಿವೇಶನಗಳಿಗೇ ೧,೨೦,೦೦೦ ಚದರ ಅಡಿ, ಅಂದರೆ ಸುಮಾರು ೨ ಎಕರೆ ೩೦ ಗುಂಟೆ ನೆಲ ಬೇಕು. ಅದೇ ನೂರು ಕುಟುಂಬಗಳಿಗೆ ೫೦೦ ಚದರ ಅಡಿಯ ಮನೆಗಳನ್ನು ನೆಲಮಹಡಿಯೂ ಮೇಲೆ ಮೂರು ಮಹಡಿಗಳೂ ಇರುವಂತೆ ಕಟ್ಟಿದರೆ, ಮೆಟ್ಟಿಲು ಪಡಸಾಲೆಗಳಿಗೆಂದು ಐದರಲ್ಲೊಂದು ಭಾಗ ಕೂಡಿಸಿದರೂ, ನೆಲದ ಮೇಲೆ ಕಟ್ಟಡವು ಆಕ್ರಮಿಸುವುದು ೧೫,೦೦೦ ಚದರ ಅಡಿ, ಸುಮಾರು ೧೪ ಗುಂಟೆ. ಉಳಿಯುವುದು ೨ ಎಕರೆ ೧೬ ಗುಂಟೆ. ಮಹಡಿವಸತಿಯ ಸಮರ್ಥನೆಯೆಲ್ಲ ಈ ಉಳಿದ ನೆಲದಲ್ಲಿದೆ. ಅದು ಮರಗಿಡಗಳಿಗೂ, ಮಕ್ಕಳಿಗೂ, ಮಳೆನೀರಿಗೂ ದೊರೆತರೆ ನೆಲಬಿಟ್ಟು ಮೇಲೇರಿದ ಕುಟುಂಬಗಳ ತ್ಯಾಗವು ಸಾರ್ಥಕ. ಅದನ್ನೂ ಕೆಲವು ವರ್ಷಗಳ ಮೇಲೆ ಮಾರಿ ಮತ್ತೊಂದು ಕಟ್ಟಡವನ್ನೆಬ್ಬಿಸಿದರೆ, ಹಿತ್ತಲನ್ನೂ ಕಳೆದುಕೊಂಡು ಬಯಲನ್ನೂ ಕಳೆದುಕೊಂಡಂತೆ. ಅದಕ್ಕಿಂತ ಹಳೆಯ ಮೇಲ್ಮುದ್ದೆಯ ಮನೆಯೇ ಲೇಸು.

ಈ ಉಳಿಕೆಯ ರಕ್ಷಣೆಗೆ ಸಾಧನಗಳಿಲ್ಲದಿಲ್ಲ. ೧೯೭೨ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಮೇರೆಗೆ ಪ್ರತಿಯೊಬ್ಬ ಮನೆಯೊಡೆಯನಿಗೂ ಸಾಮಾನ್ಯ ಸ್ಥಳಗಳಲ್ಲಿ ಅವಿಭಕ್ತವಾದ ಪಾಲು ಇರುತ್ತದೆ. ಅದನ್ನು ತುಂಡರಿಸಿ ಬೇರೆಮಾಡಲಾಗದು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯು ಬಡಾವಣೆಯ ನೆಲದಲ್ಲಿ ನೂರಕ್ಕೆ ಹದಿನೈದಕ್ಕೆ ಕಡಿಮೆಯಿಲ್ಲದ ಭಾಗವನ್ನು ಉದ್ಯಾನಕ್ಕೂ ಆಟದ ಮೈದಾನಕ್ಕೂ ಬಿಡಬೇಕೆನ್ನುತ್ತದೆ. ಇಂತಹ ನಿಯಮಗಳನ್ನು ನಕಾಶೆಯ ಮೂಲೆಯಲ್ಲಿ ಉಳಿದ ಓರೆಕ್ಕೋರೆಯ ತುಂಡಿನಿಂದ ಪೂರೈಸುವುದು ಸುಲಭ. ಮೊದಲು ಬಯಲನ್ನು ಗುರುತಿಸಿ ಆಮೇಲೆ ಮನೆಗಳ ಸ್ಥಳವನ್ನು ಗೊತ್ತುಮಾಡುವುದೇ ವಿವೇಕ. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡೆಸ್ ಪಂಡಿತರು ೧೯೧೪ರಲ್ಲಿ ಹಿಂದುಸ್ಥಾನಕ್ಕೆ ಬಂದು ಊರೂರು ಸುತ್ತಿ ಇದನ್ನೇ ಬೋಧಿಸಿದರು. ೧೯೧೯ರಿಂದ ಅವರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರೂ ಆಗಿದ್ದರು. ಊರನ್ನು ಕಾಲ್ನಡಿಗೆಯಿಂದ ನೋಡಿ, ಅದರ ಕೆರೆ, ಮರ, ಓಣಿಗಳನ್ನು ಅರಿತುಕೊಂಡ ಮೇಲೆಯೇ ನಕಾಶೆಯನ್ನು ಬರೆಯಬೇಕೆಂಬುದು ಅವರ ಮತವಾಗಿತ್ತು.

ಗೋಕಾಕದಲ್ಲಿ ಹಾಗೆ ನಡೆದು ನೋಡುವವನಿಗೆ ನೆಲವೇ ನಿಯಮಗಳನ್ನು ಹೇಳಿಕೊಡುತ್ತದೆ. ೨೦೧೯ರ ನೀರು ಮುಟ್ಟಿದ ಗೆರೆಯ ಕೆಳಗೆ ವಾಸದ ಮನೆ ಕೂಡದು. ಅಲ್ಲಿ ತೋಟ, ಮೈದಾನ, ಸಂತೆ ಇರಲಿ. ಸಡಿಲ ಬಂಡೆಗಳ ಕೆಳಗಿನ ಇಳಿಜಾರನ್ನು ಮರಗಳಿಗೆ ಬಿಡಬೇಕು. ಎರೆಭೂಮಿಯಲ್ಲಿ ಕಟ್ಟುವುದು ಅನಿವಾರ್ಯವಾದರೆ, ಉಬ್ಬುವ ಪದರವನ್ನು ದಾಟಿ ಆಳಕ್ಕೆ ಹೋಗುವ ಕಂಬಗಳ ತಳಪಾಯ ಬೇಕು. ರೂರಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡವನ್ನು ಅಗಲಗೊಳಿಸಿದ ಕಂಬಗಳ ವಿಧಾನವನ್ನು ಇಂತಹ ನೆಲಕ್ಕಾಗಿಯೇ ರೂಢಿಗೆ ತಂದಿತು. ಮಾಳಿಗೆಯು ಎಲ್ಲ ಮನೆಗಳವರಿಗೂ ತೆರೆದಿರಬೇಕು. ಶ್ಯಾವಿಗೆ ಹಪ್ಪಳಗಳು ಮಹಡಿವಸತಿಯಲ್ಲಿಯೂ ಒಣಗಬೇಕಷ್ಟೆ. ಮೆಟ್ಟಿಲ ಬುಡದಲ್ಲಿ ಹಿರಿಯರು ಕುಳಿತುಕೊಳ್ಳಲು ಕಟ್ಟೆ ಇರಬೇಕು. ದನಗಳನ್ನು ಬಿಡಲಾರದ ಕುಟುಂಬಗಳಿಗೆ ವಸತಿಯ ಅಂಚಿನಲ್ಲಿ ಕೂಡಿದ ಕೊಟ್ಟಿಗೆಯನ್ನು ಕಲ್ಪಿಸದೆ ಅವರನ್ನು ಮೂರನೆಯ ಮಹಡಿಗೆ ಏರಿಸಿದರೆ, ಅವರು ಮನೆಯನ್ನು ಬಾಡಿಗೆಗೆ ಕೊಟ್ಟು ಮತ್ತೆ ಹೊಳೆಯಂಚಿಗೇ ಮರಳುವುದರಲ್ಲಿ ಆಶ್ಚರ್ಯವಿಲ್ಲ.

ಮೂಡಲಗಿಯಂತಹ ಊರಿಗೆ ಇನ್ನೂ ಅವಕಾಶವಿದೆ. ದೊಡ್ಡ ಪಟ್ಟಣಗಳು ಕಟ್ಟಿದ ಮೇಲೆ ಪಶ್ಚಾತ್ತಾಪಪಟ್ಟುದನ್ನು ಅದು ಕಟ್ಟುವ ಮೊದಲೇ ತಪ್ಪಿಸಬಹುದು. ಆದಿಲಶಾಹಿಯ ಗುಮ್ಮಟಗಳನ್ನು ಹೊತ್ತು ನಿಂತ ಹುಕ್ಕೇರಿಯು, ಕಟ್ಟಿಸಿದವರು ಹೋದ ಮೇಲೂ ಕಟ್ಟಡಗಳು ಎಷ್ಟು ಕಾಲ ಉಳಿಯುತ್ತವೆಂಬುದನ್ನು ದಿನವೂ ಕಾಣುತ್ತಿದೆ. ಇಂದು ಕಟ್ಟಿದ ವಸತಿಯಲ್ಲಿ ಬಾಳತಕ್ಕವರು ಮೊಮ್ಮಕ್ಕಳು. ಗಾಯರಾಣದ ಯಾವ ಭಾಗವನ್ನು ಮನೆಗಳಿಗೆ ಕೊಡಬೇಕು, ಯಾವ ಭಾಗವನ್ನು ಎಂದೆಂದಿಗೂ ಕೊಡಬಾರದು ಎಂಬುದನ್ನು ಊರವರು ಸಭೆ ಸೇರಿ ಗೊತ್ತುಮಾಡಿ, ಆ ಎರಡನೆಯ ಗೆರೆಯನ್ನು ನಕಾಶೆಯಲ್ಲಿಯೂ ಉತಾರೆಯಲ್ಲಿಯೂ ಬರೆಯಿಸಿಡುವುದು ಮೊದಲ ಕೆಲಸ. ಮನೆ ಕಟ್ಟುವ ಕೆಲಸವು ಆಮೇಲಿನದು. ಕಟ್ಟಡವನ್ನು ಯಾವಾಗಲಾದರೂ ಕಟ್ಟಬಹುದು. ಒಮ್ಮೆ ಕೈಬಿಟ್ಟ ಬಯಲನ್ನು ಮರಳಿ ಪಡೆದ ಊರು ಅಪರೂಪ.